ಖಿನ್ನತೆಯ ಚಿಕಿತ್ಸೆಯ ನಡುವೆ ಹೊಸ ಕೆಲಸಕ್ಕೆ ಸೇರಿದ್ದು

ಹೊಸ ಕೆಲಸದ ಆಫರ್ ಲೆಟರ್ ಕೈಸೇರಿದಾಗ ನಾನು ಇನ್ನೂ ಖಿನ್ನತೆಯ ಚಿಕಿತ್ಸೆಯಲ್ಲಿದ್ದೆ. ಹಿಂದಿನ ಕೆಲಸವನ್ನು ಬಿಟ್ಟದ್ದೂ ಇದೇ ಕಾಯಿಲೆಯ ಕಾರಣದಿಂದ. ಅದಾದ ಮೇಲೆ ಬಹಳ ಕಾಲ ಮನೆಯಲ್ಲೇ ಇದ್ದು, ಮಾತ್ರೆಗಳ ಮತ್ತು ಆಪ್ತಸಮಾಲೋಚನೆಯ ನೆರವಿನಿಂದ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದೆ. ಹೇಳಿದ ಹೊತ್ತಿಗೆ ಏಳುವುದು, ಪತ್ರಿಕೆಯ ಒಂದು ಪುಟವನ್ನು ಕೊನೆಯವರೆಗೆ ಓದುವುದು, ಬಂದ ಫೋನನ್ನು ಎತ್ತಿ ಮಾತಾಡುವುದು, ಇಷ್ಟು ಮತ್ತೆ ಸಾಧ್ಯವಾಗಿತ್ತು. ಆದರೆ ದಿನಕ್ಕೆ ಎಂಟು ಗಂಟೆ ಅಪರಿಚಿತರ ನಡುವೆ ಕುಳಿತು ಹೊಸದನ್ನು ಕಲಿಯುವುದು ಮತ್ತು ಕಲಿತದ್ದನ್ನು ಅವರ ಕಣ್ಣೆದುರೇ ಮಾಡಿ ತೋರಿಸುವುದು ಸಾಧ್ಯವಾಗುತ್ತದೆಯೇ ಎಂಬುದು ನನಗಾಗಲಿ ನನ್ನ ಮನೋವೈದ್ಯರಿಗಾಗಲಿ ಖಚಿತವಿರಲಿಲ್ಲ.

ಅವರು ನನಗೆ ಎರಡು ಮಾತು ಹೇಳಿದರು. ಪೂರ್ತಿ ಗುಣವಾದ ಮೇಲೆಯೇ ಕೆಲಸಕ್ಕೆ ಸೇರುತ್ತೇನೆಂದು ಕಾಯಬೇಕಾಗಿಲ್ಲ, ಹಿತಮಿತವಾದ ಕೆಲಸವೇ ಚೇತರಿಕೆಗೆ ಸಹಾಯ ಮಾಡಬಹುದು ಎಂಬುದು ಒಂದು. ಕೆಲಸ ಸಿಕ್ಕಿತೆಂದು, ಮನಸ್ಸು ಹಗುರವಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂಬುದು ಇನ್ನೊಂದು. ಖಿನ್ನತೆಯ ಲಕ್ಷಣಗಳು ಹೋದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಅದೇ ಪ್ರಮಾಣದಲ್ಲಿ ಔಷಧವನ್ನು ಮುಂದುವರಿಸುತ್ತಾರೆ, ಏಕೆಂದರೆ ಕಾಯಿಲೆ ಮರುಕಳಿಸುವ ಸಂಭವ ಆ ಅವಧಿಯಲ್ಲಿಯೇ ಹೆಚ್ಚು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದ ಹಾಗಾಗುವುದು, ನಿದ್ದೆಗೇಡು ಇವೆಲ್ಲ ಬರಬಹುದೆಂದೂ, ಹೊಸ ಕೆಲಸದ ಮೊದಲ ವಾರದಲ್ಲಿ ಅವು ಬಂದರೆ ಅದು ಕೆಲಸದ ಒತ್ತಡವೋ ಔಷಧ ಬಿಟ್ಟದ್ದರ ಪರಿಣಾಮವೋ ತಿಳಿಯದೆ ಒದ್ದಾಡಬೇಕಾಗುತ್ತದೆಂದೂ ಅವರು ಬಿಡಿಸಿ ಹೇಳಿದರು.

‘ಇದು ಯಾವುದರಿಂದ’ ಎಂಬ ಈ ಪ್ರಶ್ನೆಯೇ ಮುಂದಿನ ತಿಂಗಳುಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಹೊಸ ಕೆಲಸಕ್ಕೆ ಸೇರಿದ ಯಾರಿಗಾದರೂ ಆಯಾಸ, ಮರೆವು, ಹಿಂಜರಿಕೆ, ತಾನು ಇಲ್ಲಿಗೆ ತಕ್ಕವನಲ್ಲವೇನೋ ಎಂಬ ಅನುಮಾನ ಇದ್ದೇ ಇರುತ್ತವೆ. ಖಿನ್ನತೆಯ ಲಕ್ಷಣಗಳ ಪಟ್ಟಿಯಲ್ಲೂ ಹೆಚ್ಚುಕಡಿಮೆ ಇವೇ ಇವೆ. ಆರೋಗ್ಯವಂತರಿಗೆ ಆಯಾಸವಾದರೆ ಆಯಾಸ, ಅಷ್ಟೇ. ನನಗೆ ಆಯಾಸವಾದರೆ ಅದರ ಹಿಂದೆಯೇ ‘ಮತ್ತೆ ಶುರುವಾಯಿತೇ’ ಎಂಬ ಭಯವೂ ಬರುತ್ತಿತ್ತು, ಆ ಭಯ ಆಯಾಸವನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು.

ಸೇರುವ ಮೊದಲೇ ತೀರ್ಮಾನಿಸಬೇಕಾಗಿದ್ದ ವಿಷಯ, ಕಾಯಿಲೆಯ ಬಗ್ಗೆ ಕಚೇರಿಯಲ್ಲಿ ಹೇಳಬೇಕೇ ಬೇಡವೇ ಎಂಬುದು. ಈ ಬಗೆಗಿನ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಏನನ್ನು ಕೇಳುವ ಹಕ್ಕು ಸಂಸ್ಥೆಗಿದೆ, ಏನನ್ನು ಹೇಳದೆ ಇರುವ ಹಕ್ಕು ಉದ್ಯೋಗಿಗಿದೆ ಎಂಬುದನ್ನು ಸಹಿ ಹಾಕುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಎಲ್ಲವನ್ನೂ ಹೇಳಿಬಿಟ್ಟರೆ ಮುಂದೆ ಮುಚ್ಚಿಡುವ ಗೊಡವೆ ಇರುವುದಿಲ್ಲ ಎಂದು ಅಕ್ಕ ಹೇಳಿದಳು. ಒಮ್ಮೆ ಹೇಳಿದರೆ ಆಮೇಲೆ ನನ್ನ ಪ್ರತಿ ತಪ್ಪನ್ನೂ ಆ ಕಣ್ಣಿನಿಂದಲೇ ನೋಡುತ್ತಾರೆ ಎಂಬ ಅಳುಕು ನನ್ನದು. ನನ್ನ ಆಪ್ತಸಮಾಲೋಚಕಿ ಈ ಪ್ರಶ್ನೆಯನ್ನೇ ಎರಡಾಗಿ ಒಡೆದರು: ಕಾಯಿಲೆಯ ಹೆಸರನ್ನು ಹೇಳುವುದು ಬೇರೆ, ಕೆಲಸ ಮಾಡಲು ಏನು ಬೇಕು ಎಂಬುದನ್ನು ಹೇಳುವುದು ಬೇರೆ. ಹೆಸರು ಹೇಳದೆಯೇ ಅಗತ್ಯವನ್ನು ಹೇಳಬಹುದು, ಮೇಲಧಿಕಾರಿಗಳನ್ನು ಹತ್ತಿರದಿಂದ ಕಂಡು ನಂಬಿಕೆ ಬಂದ ಮೇಲೆ ಬೇಕಿದ್ದರೆ ಹೆಸರನ್ನೂ ಹೇಳಬಹುದು ಎಂಬುದು ಅವರ ಸಲಹೆ. ಹಾಗಾಗಿ ನಿಯಮಿತ ವೈದ್ಯಕೀಯ ಭೇಟಿಗಳಿಗಾಗಿ ಎರಡು ವಾರಕ್ಕೊಮ್ಮೆ ಮಧ್ಯಾಹ್ನ ಸ್ವಲ್ಪ ಬೇಗ ಹೊರಡಬೇಕಾಗುತ್ತದೆ, ಆ ಹೊತ್ತನ್ನು ಬೇರೆ ದಿನ ತುಂಬಿಕೊಡುತ್ತೇನೆ ಎಂದಷ್ಟೇ ಎಚ್‌ಆರ್ ವಿಭಾಗಕ್ಕೆ ಇಮೇಲ್‌ನಲ್ಲಿ ತಿಳಿಸಿದೆ. ಅವರು ಹೆಚ್ಚಿಗೆ ಕೇಳದೆ ಒಪ್ಪಿಕೊಂಡರು. ಎಲ್ಲರಿಗೂ ಇದೇ ಸರಿಯೆಂದು ನಾನು ಹೇಳಲಾರೆ, ಆದರೆ ಸೇರುವ ಮೊದಲೇ ಚಿಕಿತ್ಸೆಯ ವೇಳೆಯನ್ನು ಕೆಲಸದ ವೇಳಾಪಟ್ಟಿಯೊಳಗೆ ಸೇರಿಸಿದ್ದು ನನ್ನನ್ನು ಕಾಪಾಡಿತು. ಕೆಲಸ ಹೆಚ್ಚಾದ ವಾರಗಳಲ್ಲಿ ‘ಈ ಸಲ ಡಾಕ್ಟರ ಬಳಿಗೆ ಹೋಗದಿದ್ದರೂ ನಡೆಯುತ್ತದೆ’ ಎಂಬ ಯೋಚನೆ ತಪ್ಪದೆ ಬರುತ್ತಿತ್ತು, ಮೊದಲೇ ಗೊತ್ತುಮಾಡಿದ ಹೊತ್ತಾದ್ದರಿಂದ ಅದಕ್ಕೆ ಮಣಿಯುವ ಪ್ರಸಂಗ ಬರಲಿಲ್ಲ.

ನನ್ನದು ವಿಮಾ ಕ್ಲೇಮುಗಳ ಕಾಗದಪತ್ರಗಳನ್ನು ಪರಿಶೀಲಿಸುವ ಕೆಲಸ. ಮೊದಲ ವಾರವೆಲ್ಲ ತರಬೇತಿ. ಯಾವ ಬಗೆಯ ಕ್ಲೇಮಿಗೆ ಯಾವ ಕೋಡ್, ಯಾವ ಕಡತ ಯಾರ ಮೇಜಿಗೆ ಹೋಗಬೇಕು, ಯಾವ ಪರದೆಯಲ್ಲಿ ಯಾವ ಗುಂಡಿ ಒತ್ತಬೇಕು, ಇದರ ಜೊತೆಗೆ ಪಾಸ್‌ವರ್ಡ್‌ಗಳು ಮತ್ತು ಹತ್ತಾರು ಹೊಸ ಹೆಸರುಗಳು. ಖಿನ್ನತೆ ಎಂದರೆ ದುಃಖ ಎಂದಷ್ಟೇ ತಿಳಿದವರಿಗೆ ಅದು ಬುದ್ಧಿಯ ಕೆಲಸವನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬುದು ಗೊತ್ತಿರುವುದಿಲ್ಲ. ಏಕಾಗ್ರತೆ ಕಡಿಮೆಯಾಗುತ್ತದೆ, ಕೇಳಿದ ನಾಲ್ಕು ಸೂಚನೆಗಳಲ್ಲಿ ಮೊದಲನೆಯದನ್ನು ಮಾಡಿ ಮುಗಿಸುವಷ್ಟರಲ್ಲಿ ಉಳಿದ ಮೂರು ಮರೆತುಹೋಗಿರುತ್ತವೆ, ಸಣ್ಣ ತೀರ್ಮಾನವೊಂದಕ್ಕೂ ಬಹಳ ಹೊತ್ತು ಬೇಕಾಗುತ್ತದೆ. ಮನಸ್ಸಿನ ಭಾರ ಇಳಿದ ಮೇಲೂ ಈ ತೊಂದರೆ ಹಲವರಲ್ಲಿ ಕೆಲವು ಕಾಲ ಉಳಿಯುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ನಾನು ನೆನಪಿನ ಶಕ್ತಿಯನ್ನು ನೆಚ್ಚಿಕೊಳ್ಳದೆ ಎಲ್ಲವನ್ನೂ ಬರೆದುಕೊಳ್ಳಲು ನಿಶ್ಚಯಿಸಿದೆ. ಪ್ರತಿಯೊಂದು ಕ್ರಮವನ್ನೂ ನೋಟ್‌ಬುಕ್ಕಿನಲ್ಲಿ ನನ್ನದೇ ಮಾತಿನಲ್ಲಿ ಹಂತಹಂತವಾಗಿ ಬರೆದು, ಸಂಜೆ ಹೊರಡುವ ಮೊದಲು ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಗೆ ತೋರಿಸಿ ಸರಿಯಿದೆಯೇ ಎಂದು ಕೇಳುತ್ತಿದ್ದೆ. ಹಾಗೆ ಕೇಳಲು ಮೊದಮೊದಲು ಬಹಳ ಸಂಕೋಚವಾಯಿತು. ಆಕೆ ಮಾತ್ರ ಅದನ್ನು ಶ್ರದ್ಧೆಯೆಂದೇ ತಿಳಿದು, ಕೆಲವು ದಿನಗಳಾದ ಮೇಲೆ ನನ್ನ ನೋಟ್‌ಬುಕ್ಕಿನ ಒಂದೆರಡು ಪುಟಗಳನ್ನು ತಾನೇ ನಕಲು ಮಾಡಿಕೊಂಡಳು.

ಆಕೆಯಿಂದಲೇ ನನ್ನ ಪ್ರಶ್ನೆಗೆ ಮೊದಲ ಉತ್ತರದ ದಾರಿಯೂ ಕಂಡಿತು. ಕೋಡ್‌ಗಳು ಬಾಯಿಗೆ ಬರಲು ನಿಮಗೆ ಎಷ್ಟು ಕಾಲ ಬೇಕಾಯಿತು ಎಂದು ಒಮ್ಮೆ ಕೇಳಿದಾಗ, ‘ಮೂರು ತಿಂಗಳಾದರೂ ನಾನು ಪಟ್ಟಿ ನೋಡದೆ ಒಂದು ಕಡತ ಮುಗಿಸುತ್ತಿರಲಿಲ್ಲ, ಇಲ್ಲಿ ಎಲ್ಲರ ಕಥೆಯೂ ಇಷ್ಟೇ’ ಎಂದಳು. ಅಂದರೆ ಎರಡನೆಯ ವಾರದಲ್ಲಿ ನನಗೆ ಕೋಡ್ ಮರೆಯುವುದು ಖಿನ್ನತೆಯ ಸಾಕ್ಷ್ಯವೇನೂ ಆಗಿರಲಿಲ್ಲ. ಅಂದಿನಿಂದ ನನಗಿಂತ ಒಂದು ವರ್ಷ ಮೊದಲು ಸೇರಿದವರನ್ನು ಅವರ ಆರಂಭದ ದಿನಗಳ ಬಗ್ಗೆ ವಿಚಾರಿಸುವುದನ್ನು ರೂಢಿ ಮಾಡಿಕೊಂಡೆ. ಖಿನ್ನತೆಯಲ್ಲಿರುವ ಮನಸ್ಸು ತನ್ನನ್ನು ಹತ್ತು ವರ್ಷ ಅನುಭವವಿರುವವರ ಜೊತೆ ಹೋಲಿಸಿ ತೀರ್ಪು ಕೊಡುತ್ತದೆ. ಹೋಲಿಸಲೇಬೇಕಾದರೆ ಅವರ ಮೊದಲ ತಿಂಗಳಿನ ಜೊತೆ ಹೋಲಿಸುವುದು ನ್ಯಾಯ.

ಆಪ್ತಸಮಾಲೋಚಕಿಯ ಸೂಚನೆಯಂತೆ ರಾತ್ರಿ ಮಲಗುವ ಮೊದಲು ಒಂದು ಹಾಳೆಯಲ್ಲಿ ಮೂರು ಕಲಂ ಹಾಕಿ ಆ ದಿನದ ಕಷ್ಟಗಳನ್ನು ಹಂಚಿ ಬರೆಯತೊಡಗಿದೆ. ಒಂದರಲ್ಲಿ ಹೊಸಬರೆಲ್ಲರಿಗೂ ಆಗುವಂಥವು, ಒಂದರಲ್ಲಿ ಕಾಯಿಲೆಯಿಂದ ಬಂದವು, ಮೂರನೆಯದರಲ್ಲಿ ಯಾವುದೆಂದು ತಿಳಿಯದವು. ಮೊದಲ ವಾರಗಳಲ್ಲಿ ಮೂರನೆಯ ಕಲಮೇ ಎಲ್ಲಕ್ಕಿಂತ ಉದ್ದವಾಗಿತ್ತು, ಅದರಲ್ಲಿ ತಪ್ಪೇನೂ ಇಲ್ಲವೆಂದು ಆಕೆ ಹೇಳಿದರು. ಆಗಿನ ಮಟ್ಟಿಗೆ ‘ತಿಳಿಯದು’ ಎಂದು ಬರೆಯುವುದೇ ನನಗೆ ದೊಡ್ಡ ಬಿಡುಗಡೆ, ಏಕೆಂದರೆ ಅದಕ್ಕೂ ಮೊದಲು ತಿಳಿಯದ್ದೆಲ್ಲವನ್ನೂ ನಾನು ಕಾಯಿಲೆಯ ಲೆಕ್ಕಕ್ಕೋ, ಅದಕ್ಕಿಂತ ಕೆಟ್ಟದಾಗಿ, ನನ್ನ ಅಯೋಗ್ಯತೆಯ ಲೆಕ್ಕಕ್ಕೋ ಹಾಕುತ್ತಿದ್ದೆ.

ಕಾಯಿಲೆಯ ಕಲಮಿನಲ್ಲಿ ಸಂಶಯವಿಲ್ಲದೆ ಬರೆಯಬಹುದಾಗಿದ್ದದ್ದು ಬೆಳಗಿನ ಹೊತ್ತು. ಅಲಾರಾಂಗಿಂತ ಬಹಳ ಮೊದಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಬೆಳಿಗ್ಗೆ ಮನಸ್ಸು ಅತ್ಯಂತ ಭಾರವಾಗಿದ್ದು ಹೊತ್ತೇರಿದಂತೆ ತುಸು ತಿಳಿಯಾಗುವುದು ಹಲವು ಖಿನ್ನತೆಯ ರೋಗಿಗಳಲ್ಲಿ ಕಾಣುವ ಲಕ್ಷಣ. ದುರದೃಷ್ಟವೆಂದರೆ ಜಗತ್ತಿನ ಬಹುಪಾಲು ಕಚೇರಿಗಳು ಆರಂಭವಾಗುವುದೂ ಆ ಹೊತ್ತಿಗೇ. ಉತ್ಸಾಹ ಬರಲಿ, ಆಮೇಲೆ ಏಳೋಣ ಎಂದು ಕಾದರೆ ಅದು ಬರುವುದಿಲ್ಲ. ಕ್ರಿಯೆ ಮೊದಲು, ಮನಃಸ್ಥಿತಿ ಅದರ ಹಿಂದೆ ಎಂಬ ತತ್ತ್ವದ ಮೇಲೆ ನಿಂತ ಚಿಕಿತ್ಸಾಕ್ರಮವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಅದಕ್ಕೆ ತಳಹದಿ ಹಾಕಿದರು, ಇಂದು ಅದು ಖಿನ್ನತೆಗೆ ಪರಿಣಾಮಕಾರಿಯೆಂದು ಒಪ್ಪಿತವಾಗಿರುವ ಚಿಕಿತ್ಸೆಗಳಲ್ಲೊಂದು. ನನ್ನ ಮಟ್ಟಿಗೆ ಅದರ ಅರ್ಥ, ಬೆಳಿಗ್ಗೆ ತೀರ್ಮಾನಿಸಬೇಕಾದದ್ದು ಏನೂ ಉಳಿಯದಂತೆ ಹಿಂದಿನ ರಾತ್ರಿಯೇ ಎಲ್ಲವನ್ನೂ ಮುಗಿಸಿಡುವುದು. ಬಟ್ಟೆ, ಚೀಲ, ಗುರುತಿನ ಚೀಟಿ, ಮಾತ್ರೆ ಎಲ್ಲವೂ ಒಂದೇ ಕಡೆ. ಎದ್ದ ಮೇಲೆ ಕಾಲು ನೆಲಕ್ಕಿಡುವುದು, ಕಿಟಕಿ ತೆರೆದು ಬೆಳಕಿಗೆ ನಿಲ್ಲುವುದು, ಮುಖ ತೊಳೆಯುವುದು, ಮಾತ್ರೆ ತೆಗೆದುಕೊಳ್ಳುವುದು. ಕಚೇರಿಯ ಯೋಚನೆ ಆ ಸರಣಿಯಲ್ಲಿ ಇರಲೇ ಇಲ್ಲ, ಮುಂದಿನ ಒಂದು ಕೆಲಸವಷ್ಟೇ ಇತ್ತು.

ಕಚೇರಿಯಲ್ಲೂ ಇದೇ ತಿಳಿವಳಿಕೆಯಿಂದ ಕೆಲಸದ ಕ್ರಮವನ್ನು ಬದಲಿಸಿಕೊಂಡೆ. ಯಾವ ಕಡತವನ್ನು ಯಾವಾಗ ನೋಡಬೇಕೆಂಬ ಸ್ವಾತಂತ್ರ್ಯ ನಮಗಿತ್ತು. ಪಟ್ಟಿಗೆ ಹೋಲಿಸಿ ಗುರುತು ಹಾಕುವಂಥ ಕೆಲಸಗಳನ್ನು ಬೆಳಿಗ್ಗೆಯೂ, ವಿವೇಚನೆ ಬೇಡುವ ಕಡತಗಳನ್ನು ಮಧ್ಯಾಹ್ನದ ನಂತರವೂ ಇಟ್ಟುಕೊಂಡದ್ದರಿಂದ ದಿನದ ಒಟ್ಟು ಕೆಲಸ ಉಳಿದವರಷ್ಟೇ ಆಯಿತು. ಬೆಳಿಗ್ಗೆಯೇ ಕಠಿಣವಾದದ್ದನ್ನು ಮುಗಿಸಿಬಿಡಬೇಕು ಎಂಬ ಸಾಮಾನ್ಯ ಉಪದೇಶವನ್ನು ನಾನು ಪಾಲಿಸಿದ್ದರೆ ದಿನವೂ ಸೋತ ಭಾವದಿಂದಲೇ ದಿನವನ್ನು ಆರಂಭಿಸಬೇಕಾಗುತ್ತಿತ್ತು.

ಸಹೋದ್ಯೋಗಿಗಳ ನಡುವೆ ಇರುವ ಶ್ರಮದ ಬಗ್ಗೆಯೂ ಹೇಳಬೇಕು. ಹೊಸಬರ ಮುಖದಲ್ಲಿ ನಗುವಿರಲಿ, ಮಾತಿರಲಿ ಎಂದು ಎಲ್ಲರೂ ಬಯಸುತ್ತಾರೆ. ನಗು ತಾನಾಗಿ ಬಾರದಿರುವಾಗ ಅದನ್ನು ದಿನವಿಡೀ ಹಿಡಿದಿಟ್ಟುಕೊಳ್ಳುವುದು ಕಡತ ನೋಡುವುದಕ್ಕಿಂತ ಹೆಚ್ಚು ಸುಸ್ತು ಮಾಡುತ್ತದೆ. ನಾನು ಸಂಜೆ ಮನೆಗೆ ಬಂದು ಬಟ್ಟೆಯನ್ನೂ ಬದಲಿಸದೆ ಮಲಗಿಬಿಡುತ್ತಿದ್ದ ದಿನಗಳಿದ್ದವು. ವಾರದಲ್ಲಿ ಕೆಲವು ದಿನ ವಿರಾಮದ ಹೊತ್ತಿನಲ್ಲಿ ಎಲ್ಲರೊಡನೆ ಕೂರುವುದು, ಉಳಿದ ದಿನ ಒಬ್ಬಳೇ ಹೊರಗೆ ನಡೆದು ಬರುವುದು ಎಂದು ಗೊತ್ತುಮಾಡಿಕೊಂಡು, ‘ಸ್ವಲ್ಪ ನಡೆದು ಬಂದರೆ ನನಗೆ ಮಧ್ಯಾಹ್ನದ ಕೆಲಸ ಚೆನ್ನಾಗಿ ಆಗುತ್ತದೆ’ ಎಂದು ನೇರವಾಗಿ ಹೇಳಿದೆ. ಯಾರೂ ತಪ್ಪು ತಿಳಿಯಲಿಲ್ಲ. ಪೂರ್ತಿ ದೂರ ಉಳಿಯುವುದು ನನ್ನ ಕಾಯಿಲೆಗೆ ಇಷ್ಟವಾದ ದಾರಿ ಎಂಬುದು ಗೊತ್ತಿದ್ದರಿಂದ ಜೊತೆಗೆ ಕೂರುವ ದಿನಗಳನ್ನು ಮಾತ್ರ ಬಿಡಲಿಲ್ಲ.

ಇಷ್ಟೆಲ್ಲ ಆದರೂ ನನ್ನನ್ನು ಹೆಚ್ಚು ಘಾಸಿ ಮಾಡಿದ್ದು ಮೌನ. ತರಬೇತಿ ಮುಗಿದ ಮೇಲೆ ನನ್ನ ಕೆಲಸ ಹೇಗಿದೆ ಎಂದು ವಾರಗಟ್ಟಲೆ ಯಾರೂ ಏನೂ ಹೇಳಲಿಲ್ಲ. ಕಚೇರಿಗಳಲ್ಲಿ ಇದು ಸಹಜ, ತಪ್ಪಾದರೆ ಹೇಳುತ್ತಾರೆ, ಸರಿಯಿದ್ದರೆ ಸುಮ್ಮನಿರುತ್ತಾರೆ. ಆದರೆ ಖಿನ್ನತೆ ಆ ಖಾಲಿ ಜಾಗವನ್ನು ತನ್ನ ಮಾತಿನಿಂದ ತುಂಬುತ್ತದೆ: ಅವರಿಗೆ ನನ್ನ ಕೆಲಸ ಹಿಡಿಸಿಲ್ಲ, ಪ್ರೊಬೇಷನ್ ಮುಗಿದೊಡನೆ ಕಳಿಸಿಬಿಡುತ್ತಾರೆ, ಈಗಾಗಲೇ ತೀರ್ಮಾನಿಸಿದ್ದಾರೆ. ಅರಿವಿಗೆ ಬರುವ ಮೊದಲೇ ತಾವಾಗಿ ಹುಟ್ಟಿಕೊಳ್ಳುವ ಇಂಥ ನಕಾರಾತ್ಮಕ ಆಲೋಚನೆಗಳನ್ನು 1960ರ ದಶಕದಲ್ಲಿ ಗುರುತಿಸಿದವರು ಮನೋವೈದ್ಯ ಆರನ್ ಬೆಕ್. ಅವುಗಳನ್ನು ಸತ್ಯವೆಂದು ಒಪ್ಪದೆ, ಊಹೆಯೆಂದು ಎದುರಿಗಿಟ್ಟುಕೊಂಡು ಸಾಕ್ಷ್ಯ ಕೇಳುವುದು ಅವರು ರೂಪಿಸಿದ ಚಿಕಿತ್ಸೆಯ ತಿರುಳು. ನನ್ನ ತೊಡಕೆಂದರೆ, ಆ ಊಹೆಗೆ ಪರವಾಗಿಯೂ ವಿರುದ್ಧವಾಗಿಯೂ ನನ್ನ ಬಳಿ ಸಾಕ್ಷ್ಯವೇ ಇರಲಿಲ್ಲ. ಆದ್ದರಿಂದ ಸಾಕ್ಷ್ಯವನ್ನು ಕೇಳಿಯೇ ಪಡೆಯಬೇಕಾಯಿತು. ವಾರಕ್ಕೊಮ್ಮೆ ಹತ್ತು ನಿಮಿಷ ನನ್ನ ಕೆಲಸದ ಬಗ್ಗೆ ಮಾತಾಡಲು ಸಾಧ್ಯವೇ ಎಂದು ಮ್ಯಾನೇಜರ್ ಅವರನ್ನು ಕೇಳಿದೆ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದನ್ನು ನನ್ನ ಮನಸ್ಸು ನಂಬುವುದಿಲ್ಲ. ಹಾಗಾಗಿ ‘ಈ ವಾರದ ಯಾವ ಕಡತಗಳನ್ನು ನೀವು ತಿದ್ದಬೇಕಾಯಿತು, ಯಾವುದನ್ನು ಹಾಗೆಯೇ ಮುಂದೆ ಕಳಿಸಿದಿರಿ’ ಎಂದು ಕೇಳುತ್ತಿದ್ದೆ. ತಿದ್ದಿದವು ಇದ್ದವು, ಹಾಗೆಯೇ ಹೋದವು ಅವಕ್ಕಿಂತ ಹೆಚ್ಚಿದ್ದವು. ಎಣಿಸಿ ನೋಡಬಹುದಾದ ಆ ಉತ್ತರವನ್ನು ಯಾವ ಹೊಗಳಿಕೆಗಿಂತಲೂ ಹೆಚ್ಚಾಗಿ ನಾನು ನೆಚ್ಚಿಕೊಂಡೆ.

ನಡುವೆ ಒಂದು ಕೆಟ್ಟ ಹಂತವೂ ಬಂತು. ನಿದ್ದೆ ಮತ್ತೆ ಮುರಿಯಿತು, ಹಸಿವು ಹೋಯಿತು, ಕಡತದ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದರೂ ಅರ್ಥವಾಗುತ್ತಿರಲಿಲ್ಲ. ವೈದ್ಯರು ಪ್ರತಿ ಭೇಟಿಯಲ್ಲೂ ತುಂಬಿಸುತ್ತಿದ್ದ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಆಗ ಬಹಳ ಉಪಯೋಗಕ್ಕೆ ಬಂತು. 2001ರಲ್ಲಿ ಪ್ರಕಟವಾದ, ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಈ ಪ್ರಶ್ನಾವಳಿ ಹಿಂದಿನ ಎರಡು ವಾರಗಳ ಸ್ಥಿತಿಯನ್ನು 9 ಪ್ರಶ್ನೆಗಳಲ್ಲಿ ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಅದರ ಕೊನೆಗೆ ಅಂಕವಿಲ್ಲದ ಇನ್ನೊಂದು ಪ್ರಶ್ನೆಯಿದೆ: ಈ ತೊಂದರೆಗಳಿಂದ ನಿಮಗೆ ಕೆಲಸ ಮಾಡುವುದು, ಮನೆಯ ವಿಷಯಗಳನ್ನು ನೋಡಿಕೊಳ್ಳುವುದು, ಇತರರೊಡನೆ ಹೊಂದಿಕೊಂಡು ಹೋಗುವುದು ಎಷ್ಟು ಕಷ್ಟವಾಗಿದೆ? ಮೊದಲ ವಾರಗಳಲ್ಲಿ ಈ ಕೊನೆಯ ಪ್ರಶ್ನೆಗೆ ‘ಬಹಳ ಕಷ್ಟ’ ಎಂದು ಬರೆದಿದ್ದರೂ ಉಳಿದವುಗಳ ಮೊತ್ತ ಏರಿರಲಿಲ್ಲ, ಅಂದರೆ ಅದು ಹೆಚ್ಚಾಗಿ ಹೊಸತನದ ಕಷ್ಟ. ಈ ಸಲ ಎರಡೂ ಏರಿದ್ದವು. ಒಂಬತ್ತನೆಯ ಪ್ರಶ್ನೆ, ಸತ್ತಿದ್ದರೆ ಚೆನ್ನಾಗಿತ್ತು ಎಂಬ ಯೋಚನೆಯ ಬಗ್ಗೆ ಕೇಳುವಂಥದ್ದು, ಅದಕ್ಕೂ ನಾನು ಸೊನ್ನೆ ಹಾಕಲು ಸಾಧ್ಯವಿರಲಿಲ್ಲ. ಅಂಥ ಯೋಚನೆ ಬಂದರೆ ಯಾರಿಗೆ ಫೋನ್ ಮಾಡಬೇಕು, ಅವರು ಸಿಗದಿದ್ದರೆ ಮತ್ತಾರಿಗೆ ಎಂಬುದನ್ನು ಚೆನ್ನಾಗಿದ್ದ ದಿನಗಳಲ್ಲಿಯೇ ಬರೆದಿಟ್ಟಿದ್ದೆವು. ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅಂದೇ ವೈದ್ಯರಿಗೂ ಅಕ್ಕನಿಗೂ ಹೇಳಿದೆ. ಅಕ್ಕ ಆ ರಾತ್ರಿ ಬಂದು ನನ್ನ ಜೊತೆಗಿದ್ದಳು, ಕೆಲವು ದಿನ ಹೋಗಲಿಲ್ಲ.

ವೈದ್ಯರು ಔಷಧದ ಪ್ರಮಾಣವನ್ನು ಹೆಚ್ಚಿಸಿದರು. ಖಿನ್ನತೆಯ ಮಾತ್ರೆಗಳು ನೋವಿನ ಮಾತ್ರೆಗಳ ಹಾಗೆ ಅಂದೇ ಕೆಲಸ ಮಾಡುವುದಿಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಗುತ್ತದೆ, ವಾಕರಿಕೆಯಂಥ ಅಡ್ಡಪರಿಣಾಮಗಳು ಮಾತ್ರ ಮೊದಲೇ ಬರುತ್ತವೆ. ಆ ವಾರಗಳನ್ನು ಏನೂ ಹೇಳದೆ ದಾಟಿಸುವುದು ನನ್ನಿಂದಾಗದು ಎನಿಸಿತು. ಸಮಯ ಗೊತ್ತುಮಾಡಿಕೊಂಡು, ಹೇಳಬೇಕಾದದ್ದನ್ನು ಮೊದಲೇ ಬರೆದುಕೊಂಡು ಹೋಗಿ, ನನಗೆ ಖಿನ್ನತೆಯಿದೆ, ಚಿಕಿತ್ಸೆಯಲ್ಲಿದ್ದೇನೆ, ಈಗ ಔಷಧ ಬದಲಾಗುತ್ತಿದೆ ಎಂದು ಮ್ಯಾನೇಜರ್ ಅವರಿಗೆ ತಿಳಿಸಿ ಮೂರು ಕೋರಿಕೆಗಳನ್ನು ಮುಂದಿಟ್ಟೆ: ಸೂಚನೆಗಳನ್ನು ಬಾಯಿಮಾತಿನ ಜೊತೆ ಇಮೇಲ್‌ನಲ್ಲೂ ಕೊಡುವುದು, ಕೆಲವು ವಾರ ಬೆಳಿಗ್ಗೆ ಒಂದು ಗಂಟೆ ತಡವಾಗಿ ಬಂದು ಸಂಜೆ ಅಷ್ಟೇ ತಡವಾಗಿ ಹೋಗುವುದು, ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡುವುದು. ಮೊದಲೆರಡಕ್ಕೆ ಅವರು ಅಲ್ಲಿಯೇ ಒಪ್ಪಿದರು. ಪ್ರೊಬೇಷನ್‌ನಲ್ಲಿರುವವರಿಗೆ ಮನೆಯಿಂದ ಕೆಲಸ ಮಾಡುವ ಅವಕಾಶವಿಲ್ಲವೆಂದು ಮೂರನೆಯದನ್ನು ನಿರಾಕರಿಸಿದರು. ಆ ನಿರಾಕರಣೆ ಒಂದು ಲೆಕ್ಕದಲ್ಲಿ ನನಗೆ ಒಳ್ಳೆಯದೇ ಆಯಿತೆಂದು ಈಗ ಅನಿಸುತ್ತದೆ, ಮನೆಯಲ್ಲೇ ಉಳಿದಿದ್ದರೆ ಆ ಸ್ಥಿತಿಯಲ್ಲಿ ನಾನು ಹಾಸಿಗೆ ಬಿಟ್ಟು ಏಳುತ್ತಿದ್ದೆನೆಂಬ ಭರವಸೆ ನನಗಿಲ್ಲ. ‘ನನ್ನಿಂದ ಇನ್ನೇನಾದರೂ ಆಗಬೇಕಿದ್ದರೆ ಹೇಳಿ, ನನಗೆ ಊಹಿಸಲು ಬರುವುದಿಲ್ಲ’ ಎಂದು ಅವರು ಹೇಳಿದ್ದು ಪ್ರಾಮಾಣಿಕವಾದ ಮಾತು.

ಇಂಥ ಮಾತುಕತೆ ಮ್ಯಾನೇಜರ್ ಒಬ್ಬರ ಒಳ್ಳೆಯತನವನ್ನೇ ನಂಬಿಕೊಂಡು ನಡೆಯಬೇಕಾಗಿ ಬರುವುದು ಸರಿಯಲ್ಲ. ಖಿನ್ನತೆ ಮತ್ತು ಆತಂಕದ ಕಾಯಿಲೆಗಳಿಂದ ಪ್ರತಿ ವರ್ಷ ಜಗತ್ತಿನಲ್ಲಿ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಸಂಸ್ಥೆ 2022ರಲ್ಲಿ ಹೊರತಂದ, ಕೆಲಸದ ಸ್ಥಳದಲ್ಲಿ ಮಾನಸಿಕ ಆರೋಗ್ಯವನ್ನು ಕುರಿತ ಮಾರ್ಗಸೂಚಿಯು ಮ್ಯಾನೇಜರ್‌ಗಳಿಗೆ ಈ ವಿಷಯದಲ್ಲಿ ತರಬೇತಿ ಕೊಡಬೇಕೆಂದೂ, ಕಾಯಿಲೆಯಿರುವ ಉದ್ಯೋಗಿಗಳಿಗೆ ಕೆಲಸದಲ್ಲಿ ಸೂಕ್ತ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದೂ ಶಿಫಾರಸು ಮಾಡಿದೆ. ನಾನು ಕೇಳಿದ ಒಂದು ಗಂಟೆಯ ವ್ಯತ್ಯಾಸ, ಒಂದು ಇಮೇಲ್ ಇಂಥ ಹೊಂದಾಣಿಕೆಗಳೇ. ಅವುಗಳಿಗೆ ಸಂಸ್ಥೆ ಯಾವ ಖರ್ಚನ್ನೂ ಮಾಡಬೇಕಾಗಿ ಬರಲಿಲ್ಲ, ಕೇಳಲು ಮಾತ್ರ ನನಗೆ ನನ್ನಲ್ಲಿದ್ದ ಅಷ್ಟೂ ಧೈರ್ಯ ಬೇಕಾಯಿತು.

ಹೊಸ ಪ್ರಮಾಣ ನಿಧಾನವಾಗಿ ಹಿಡಿಯಿತು. ಮೊದಲು ಮರಳಿದ್ದು ನಿದ್ದೆ, ಆಮೇಲೆ ಓದಿದ್ದು ತಲೆಗೆ ಹತ್ತತೊಡಗಿತು, ಮನಸ್ಸಿನ ಹಗುರತನ ಎಲ್ಲಕ್ಕಿಂತ ಕೊನೆಗೆ ಬಂತು. ಪ್ರೊಬೇಷನ್ ಅವಧಿ ಮುಗಿದಾಗ ನಡೆದ ಅಪ್ರೈಸಲ್‌ನಲ್ಲಿ ನನ್ನ ಕೆಲಸವನ್ನು ಕಾಯಂಗೊಳಿಸಿದರು. ಕಡತಗಳ ವೇಗ ಇನ್ನೂ ಹೆಚ್ಚಬೇಕು, ದೋಷಗಳು ಕಡಿಮೆಯಿವೆ ಎಂದು ವರದಿಯಲ್ಲಿ ಬರೆದಿದ್ದರು, ಎರಡೂ ನಿಜ.

ರಾತ್ರಿ ಬರೆಯುವ ಹಾಳೆಯಲ್ಲಿ ಈಗ ಹೊಸತನದ ಕಲಂ ಖಾಲಿಯೇ ಇರುತ್ತದೆ. ಕಾಯಿಲೆಯ ಕಲಮಿನಲ್ಲಿ ವಾರಕ್ಕೆ ಒಂದೆರಡು ಸಾಲು ಬೀಳುತ್ತವೆ. ಕೆಲಸ ಕಾಯಂ ಆದ ಸಂತೋಷದಲ್ಲಿ, ಔಷಧದ ಪ್ರಮಾಣವನ್ನು ಇಳಿಸಬಹುದೇ ಎಂದು ವೈದ್ಯರನ್ನು ಕೇಳಿದೆ. ಸದ್ಯದಲ್ಲೇ ನನಗೆ ಹೆಚ್ಚಿನ ಹೊಣೆಯಿರುವ ಕಡತಗಳು ಬರಲಿವೆ ಎಂಬುದನ್ನು ಕೇಳಿ ತಿಳಿದುಕೊಂಡ ಅವರು, ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡುವುದು ಬೇಡ, ಹೊಸ ಕಡತಗಳು ರೂಢಿಯಾಗಲಿ, ಆಮೇಲೆ ಹಂತಹಂತವಾಗಿ ಇಳಿಸುವ ಬಗ್ಗೆ ಕುಳಿತು ಮಾತಾಡೋಣ ಎಂದರು. ನಾನು ಒಪ್ಪಿ, ಮುಂದಿನ ಭೇಟಿಗಳ ದಿನಾಂಕಗಳನ್ನು ಎಂದಿನಂತೆ ಕಚೇರಿಯ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿದ್ದೇನೆ.